ಮೊದಲ ವರ್ಷದ ಸ್ಟುಡಿಯೋ ಅಭ್ಯಾಸಗಳಿಂದ ಕಾನ್ಸೆಪ್ಟ್ ಬೆಳೆಸುವುದು ಹೇಗೆ? ಅಘನಾಶಿನಿ ದಡದ ಒಂದು ಸಣ್ಣ ಕಟ್ಟಡ

ಹೊಳೆದಂಡೆ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಬಿ.ಆರ್ಕ್ (ಆರ್ಕಿಟೆಕ್ಚರ್ ಪದವಿ) ಎರಡನೇ ವರ್ಷದಲ್ಲಿದ್ದೇನೆ. ಊರು ಕುಮಟಾ ಕಡೆ, ಓದುತ್ತಿರುವುದು ಹುಬ್ಬಳ್ಳಿಯಲ್ಲಿ. ಈ ಸೆಮಿಸ್ಟರ್‌ನಲ್ಲಿ ಅವರವರ ಊರಿನ ಹತ್ತಿರ ಒಂದು ಜಾಗ ಆರಿಸಿಕೊಂಡು, 100 ಚದರ ಮೀಟರ್ ಒಳಗೆ ಸಣ್ಣ ಸಾರ್ವಜನಿಕ ಕಟ್ಟಡ ಮಾಡಬೇಕು. ನಾನು ಅಘನಾಶಿನಿ ಊರಿನ ಹೊಳೆದಂಡೆ ಆರಿಸಿಕೊಂಡಿದ್ದೇನೆ. ಆಚೆ ದಡದ ತದಡಿಗೆ ದೋಣಿಯಲ್ಲಿ ದಾಟುವವರು ಕಾಯುವುದಕ್ಕೆ ಒಂದು ಜಾಗ, ಜೊತೆಗೆ ಮೀನು, ಬಳಚು (ಹೊಳೆಯ ಚಿಪ್ಪುಮೀನು) ಮಾರುವ ಹೆಂಗಸರು ಕೂರುವುದಕ್ಕೆ ನೆರಳು. ಉತ್ತರಕ್ಕೆ ಹೊಳೆ, ಬೆನ್ನಿಗೆ ಗುಡ್ಡ.

ಗೈಡ್ ಹಾಕಿದ ಷರತ್ತು ಒಂದೇ. ಕಾನ್ಸೆಪ್ಟ್, ಅಂದರೆ ಕಟ್ಟಡದ ಮೂಲ ಆಲೋಚನೆ, ಹೊರಗಿನಿಂದ ತರಬಾರದು, ಮೊದಲ ವರ್ಷದ ಅಭ್ಯಾಸಗಳಿಂದಲೇ ಬೆಳೆಯಬೇಕು.

ನನ್ನ ಹತ್ತಿರ ಇರುವುದು ಇಷ್ಟು. ಕತ್ತರಿಸದೆ, ಅಂಟಿಸದೆ ಒಂದೇ ಹಾಳೆ ಮಡಚಿ ನಿಲ್ಲಿಸಿದ ಮಾಡೆಲ್. ಒಂಬತ್ತು ಚೌಕದ ಗ್ರಿಡ್‌ನಲ್ಲಿ ಕಂಬ, ಗೋಡೆ ಜೋಡಿಸಿದ ಅಭ್ಯಾಸ. 15 ಸೆಂ.ಮೀ. ಘನದಿಂದ ತುಂಡು ತೆಗೆಯುತ್ತಾ ಹೋದ ಮಾಡೆಲ್. ಮಳೆಗಾಲಕ್ಕೆ ಕಟ್ಟುವ ತಟ್ಟಿಯ ಸಂದಿನಿಂದ ಬೀಳುವ ಬೆಳಕಿನ ಪೆನ್ಸಿಲ್ ಡ್ರಾಯಿಂಗ್‌ಗಳು. ಕೊನೆಗೆ ಅಜ್ಜಿಮನೆಯ ಅಳತೆ ಡ್ರಾಯಿಂಗ್.

ಗೆಳತಿಯರು ದೋಣಿ ಆಕಾರ ಮಾಡು ಅನ್ನುತ್ತಾರೆ. ನಾನು ಬಳಚಿನ ಚಿಪ್ಪಿನ ಹಾಗೆ ಒಂದು ಮಾಡು (ಚಾವಣಿ) ಬರೆದೆ. ನೋಡುವುದಕ್ಕೆ ಚೆನ್ನಾಗಿದೆ. ಆದರೆ ಅದಕ್ಕೂ ಈ ಅಭ್ಯಾಸಗಳಿಗೂ ಏನು ಸಂಬಂಧ ಅಂತ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಎಲ್ಲಿಂದ ಹಿಡಿಯಲಿ?

ಕೋಡಿಬಾಗ

ನಾನು ನಾಲ್ಕನೇ ವರ್ಷ, ಕಾರವಾರದವನು. ಚಿಪ್ಪು ಅಂದ ತಕ್ಷಣ ಬೇಡ ಅನ್ನಬೇಡಿ ಅಂತ ಮೊದಲೇ ಹೇಳಿಬಿಡುತ್ತೇನೆ. ಸಿಡ್ನಿ ಒಪೆರಾ ಹೌಸ್ ನೋಡಿ. ಅದರ ಆರ್ಕಿಟೆಕ್ಟ್ ಯೋರ್ನ್ ಉಟ್ಸನ್ 1957ರಲ್ಲಿ ಸ್ಪರ್ಧೆ ಗೆದ್ದಾಗ ಅವರ ಕೈಯಲ್ಲಿ ಇದ್ದದ್ದು ಸುಂದರವಾದ ಗೆರೆಗಳು ಅಷ್ಟೇ. ಜನರಿಗೆ ಇವತ್ತೂ ನೆನಪಿರುವುದು ಆ ಆಕಾರ. ದೆಹಲಿಯ ಲೋಟಸ್ ಟೆಂಪಲ್ ಕೂಡ ಹಾಗೇ. ಊರಿನವರು ಕಟ್ಟಡ ನೋಡಿ ‘ಇದು ನಮ್ಮ ಬಳಚು’ ಅಂದರೆ ಅದೂ ಒಂದು ಬೆಲೆಯೇ ಅಲ್ವಾ?

ಆದರೆ ಅದೇ ಒಪೆರಾ ಹೌಸ್‌ನ ಇನ್ನೊಂದು ಸಂಗತಿಯನ್ನೂ ನೋಡಬೇಕು. ಆ ಚಿಪ್ಪುಗಳನ್ನು ಕಟ್ಟುವ ದಾರಿ ಸಿಕ್ಕಿದ್ದು 1961ರ ಹೊತ್ತಿಗೆ. ಎಲ್ಲ ಚಿಪ್ಪುಗಳನ್ನೂ ಒಂದೇ ಗೋಳದ ಮೇಲ್ಮೈಯಿಂದ ತೆಗೆಯಬಹುದು ಅಂತ ಗೊತ್ತಾದ ಮೇಲೆ. ಕಟ್ಟಡ ತೆರೆದದ್ದು 1973ರಲ್ಲಿ. ಅಂದರೆ ಆಕಾರಕ್ಕೆ ಒಂದು ನಿಯಮ ಸಿಗುವವರೆಗೆ ಅದು ಚಿತ್ರವಾಗಿಯೇ ಇತ್ತು. ನಿನ್ನ ಚಿಪ್ಪಿಗೆ ಅಂಥ ನಿಯಮ ಇದೆಯಾ ನೋಡು. ಇದ್ದರೆ ಮುಂದುವರಿಸು.

ಚಿರೆಕಲ್ಲು

ನಾನು ಕುಮಟಾ, ಹೊನ್ನಾವರ ಕಡೆ ಮನೆ ಕಟ್ಟಿಸುವವನು, ಆರ್ಕಿಟೆಕ್ಟ್ ಅಲ್ಲ. ತಂಗಿ, ಚಿಪ್ಪನ್ನು ಯಾವುದರಲ್ಲಿ ಮಾಡುತ್ತೀಯಾ? ಎರಡೂ ದಿಕ್ಕಿಗೆ ಬಾಗಿದ ಮಾಡಿನ ಮೇಲೆ ಮಂಗಳೂರು ಹಂಚು ಕೂರುವುದಿಲ್ಲ. ಹಂಚಿಗೆ ಸಪಾಟಾದ ಇಳಿಜಾರು, ನೇರ ರೀಪು ಬೇಕು. ಕಾಂಕ್ರೀಟಿನಲ್ಲಿ ಅಂದರೆ, ಹೊಳೆಬಾಯಿಯ ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಸಮುದ್ರ ತೀರದ ಗಾಳಿಗೆ ಐಎಸ್ 456ರ (ಕಾಂಕ್ರೀಟಿನ ಭಾರತೀಯ ಮಾನದಂಡ) ಪ್ರಕಾರ ಕಬ್ಬಿಣದ ಮೇಲೆ 45 ಮಿ.ಮೀ. ಕಾಂಕ್ರೀಟ್ ಕವರ್ ಬೇಕು. ತೆಳ್ಳಗಿನ ಚಿಪ್ಪಿನಲ್ಲಿ ಎರಡೂ ಕಡೆ ಅಷ್ಟು ಬಿಟ್ಟರೆ ನಡುವೆ ಏನು ಉಳಿಯುತ್ತದೆ? ದಪ್ಪ ಮಾಡಿದರೆ ಅದು ಚಿಪ್ಪಿನ ಹಾಗೆ ಕಾಣುವುದಿಲ್ಲ.

ಬಟರ್ ಪೇಪರ್

ನಾನು ಶಿರಸಿಯವಳು, ಬೇಸಿಕ್ ಡಿಸೈನ್ ಪಾಠ ಮಾಡುತ್ತೇನೆ. ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಈ ಅಭ್ಯಾಸಗಳು ಎಲ್ಲಿಂದ ಬಂದವು ಅಂತ ತಿಳಿದರೆ ಅವುಗಳನ್ನು ಹೇಗೆ ಬಳಸಬೇಕು ಅನ್ನುವುದೂ ತಿಳಿಯುತ್ತದೆ. ಹಾಳೆ ಮಡಚುವ ಅಭ್ಯಾಸ 1920ರ ದಶಕದ್ದು, ಜರ್ಮನಿಯ ಬೌಹೌಸ್ ಶಾಲೆಯಲ್ಲಿ ಜೋಸೆಫ್ ಆಲ್ಬರ್ಸ್ ಮಾಡಿಸುತ್ತಿದ್ದದ್ದು. ಕಾಗದ ಹಾಳು ಮಾಡಬಾರದು, ಹಾಳೆಯ ಗುಣವನ್ನು ಕೈಯಿಂದಲೇ ತಿಳಿಯಬೇಕು, ಅಷ್ಟೇ. ಚಪ್ಪಟೆ ಹಾಳೆ ಬಾಗಿ ಬೀಳುತ್ತದೆ. ಮಡಚಿದರೆ ಅದೇ ಹಾಳೆ ನಿಲ್ಲುತ್ತದೆ, ಭಾರವನ್ನೂ ಹೊರುತ್ತದೆ. ಒಂಬತ್ತು ಚೌಕದ ಅಭ್ಯಾಸ 1950ರ ದಶಕದಲ್ಲಿ ಟೆಕ್ಸಾಸ್‌ನಲ್ಲಿ ಜಾನ್ ಹೇಡಕ್ ಮತ್ತು ಅವರ ಜೊತೆಗಾರರು ರೂಪಿಸಿದ್ದು. ಕಂಬ, ತೊಲೆ, ಗೋಡೆ ಇಷ್ಟೇ ಇಟ್ಟುಕೊಂಡು ನಡು ಯಾವುದು, ಅಂಚು ಯಾವುದು, ಒಳಗೆ ಯಾವುದು, ಹೊರಗೆ ಯಾವುದು ಅಂತ ಕೇಳುವ ಆಟ. ಈ ಎರಡರಲ್ಲೂ ಏನನ್ನಾದರೂ ‘ಹೋಲುವ’ ಕೆಲಸ ಇಲ್ಲ. ಅದಕ್ಕೇ ಚಿಪ್ಪಿಗೂ ಅಭ್ಯಾಸಕ್ಕೂ ನಿನಗೆ ಸಂಬಂಧ ಸಿಗುತ್ತಿಲ್ಲ.

ಈಗ ಹೀಗೆ ಮಾಡು. ಎಲ್ಲ ಮಾಡೆಲ್, ಎಲ್ಲ ಶೀಟ್ ಒಂದೇ ಕಡೆ ನೆಲದ ಮೇಲೆ ಹರಡು. ಯಾವುದು ಚೆನ್ನಾಗಿದೆ ಅಂತ ನೋಡಬೇಡ. ಬೇರೆ ಬೇರೆ ಕೆಲಸ ಕೊಟ್ಟಾಗಲೂ ನಿನ್ನ ಕೈ ಮತ್ತೆ ಮತ್ತೆ ಮಾಡಿದ್ದೇನು ಅಂತ ಹುಡುಕು. ಮೇಷ್ಟ್ರು ಹೇಳದಿದ್ದರೂ ಮಾಡಿದ್ದು ಏನು? ಅದನ್ನು ಒಂದು ವಾಕ್ಯದಲ್ಲಿ ಬರೆ. ವಾಕ್ಯದಲ್ಲಿ ಒಂದು ಕೆಲಸ ಇರಬೇಕು. ‘ಬೆಳಕು’, ‘ಪ್ರಕೃತಿ’, ‘ಹರಿವು’ ಅಂತ ಒಂಟಿ ಶಬ್ದ ಬರೆದರೆ ಅದರಿಂದ ಗೋಡೆ ಎಲ್ಲಿಗೆ ಬರಬೇಕು ಅಂತ ತಿಳಿಯುವುದಿಲ್ಲ. ಆಗುವ ಕೆಲಸ ಬರೆದರೆ ತಿಳಿಯುತ್ತದೆ.

ಫೋಟೋಗಳನ್ನು ಇಲ್ಲಿ ಹಾಕು. ನಾವೂ ನೋಡುತ್ತೇವೆ.

ಹೊಳೆದಂಡೆ ಹುಡುಗಿ

ಹಾಕಿದ್ದೇನೆ ಮೇಡಂ. ಅಳತೆ ಡ್ರಾಯಿಂಗ್‌ನ ಶೀಟ್‌ಗಳು ಕೊನೆಯಲ್ಲಿವೆ.

ಬಟರ್ ಪೇಪರ್

ನೋಡಿದೆ. ಮಡಚಿದ ಹಾಳೆಯಲ್ಲಿ ಮಡಿಕೆಗಳೆಲ್ಲ ಅಂಚಿನಲ್ಲಿ ಒತ್ತಾಗಿವೆ, ನಡು ಸಪಾಟು. ಘನದಲ್ಲಿ ಒಳಗಿನದನ್ನು ತೆಗೆದು ಹೊರಗಿನ ಪದರ ದಪ್ಪ ಉಳಿಸಿದ್ದೀಯಾ. ಗ್ರಿಡ್‌ನಲ್ಲಿ ನಡುಚೌಕಕ್ಕೆ ಒಂದು ಗೋಡೆಯೂ ಇಲ್ಲ, ಎಲ್ಲವೂ ಸುತ್ತಲಿನ ಚೌಕಗಳಲ್ಲಿ. ತಟ್ಟಿಯ ಡ್ರಾಯಿಂಗ್ ಅಂತೂ ಅಂಚಿನದ್ದೇ. ಅಜ್ಜಿಮನೆಯ ಒಳಕೋಣೆಗಳನ್ನು ಬೇಗ ಬೇಗ ಗೆರೆ ಎಳೆದು ಮುಗಿಸಿದ್ದೀಯಾ. ಜಗಲಿಯ ಕಂಬ, ಕಟ್ಟೆ, ಮೆಟ್ಟಿಲಿನ ಸವೆತ, ಕೊಡೆ ಸಿಕ್ಕಿಸುವ ಮೊಳೆ ಎಲ್ಲ ಬರೆದಿದ್ದೀಯಾ.

ನಿನ್ನ ವಾಕ್ಯ ನಿನ್ನ ಶೀಟ್‌ಗಳಲ್ಲೇ ಇದೆ: ಅಂಚು ದಪ್ಪ ಮಾಡುವುದು, ನಡು ಬಿಡುವುದು.

ಕೋಡಿಬಾಗ

ಘನದ ಮಾಡೆಲ್ ಮತ್ತು ಗ್ರಿಡ್ ಅಕ್ಕಪಕ್ಕ ಇಟ್ಟರೆ ಬೇರೆ ಯಾರೂ ಹೇಳಬೇಕಾಗಿಯೇ ಇಲ್ಲ. ಚಿಪ್ಪಿನ ಮಾತು ನಾನು ವಾಪಸ್ ತೆಗೆದುಕೊಳ್ಳುತ್ತೇನೆ.

ಸೋಗೆಮನೆ

ಶಿರಸಿ ಸೀಮೆಯ ಅಡಿಕೆ ಬೆಳೆಗಾರ ನಾನು. ಮಗ ಆರ್ಕಿಟೆಕ್ಚರ್ ಓದಿದ, ಅವನಿಂದ ಈ ಚರ್ಚೆ ಸಿಕ್ಕಿತು. ‘ಅಂಚು ದಪ್ಪ’ ಅನ್ನುವುದು ನಮ್ಮ ಮನೆಗಳ ರೀತಿಯೇ. ಹಳೆಯ ಮನೆಗಳಲ್ಲಿ ಜಗಲಿ ಅಂದರೆ ಬರೀ ಕೂರುವ ಕಟ್ಟೆ ಅಲ್ಲ. ಬಂದವರು ಅಲ್ಲಿಗೇ ಬರುತ್ತಾರೆ, ಅಡಿಕೆ ಸುಲಿಯುವುದು ಅಲ್ಲೇ, ಮಳೆಯಲ್ಲಿ ಒದ್ದೆ ಕಂಬಳಿ ತೂಗುಹಾಕುವುದೂ ಅಲ್ಲೇ. ಮಾಡಿನ ಅಂಚು ಎಷ್ಟು ಕೆಳಗಿತ್ತು ಅಂದರೆ ಎತ್ತರದವರು ತಲೆ ಬಗ್ಗಿಸಿಯೇ ಬರಬೇಕಿತ್ತು. ಅದು ಮಳೆಯ ಲೆಕ್ಕ. ನಮ್ಮಲ್ಲಿ ಮಳೆ ನೇರ ಬೀಳುವುದು ಕಡಿಮೆ, ಗಾಳಿಯ ಜೊತೆ ಓರೆಯಾಗಿ ಹೊಡೆಯುತ್ತದೆ.

ತಟ್ಟಿಯ ಬಗ್ಗೆ ಒಂದು ಮಾತು. ಮಳೆ ಹಿಡಿಯುವ ಮೊದಲು, ಮೇ ತಿಂಗಳಲ್ಲಿ ಕಟ್ಟುತ್ತೇವೆ. ಮಳೆಗಾಲ ಮುಗಿದ ಮೇಲೆ ಬಿಚ್ಚುತ್ತೇವೆ. ಬಿಚ್ಚಿದ ದಿನ ಮನೆಯೊಳಗೆ ಬೆಳಕೇ ಬೇರೆ. ಘಟ್ಟದ ಮೇಲೆ ನಮಗೆ ಅಡಿಕೆ ಸೋಗೆ ಸಿಗುತ್ತದೆ. ನಿಮ್ಮ ಕರಾವಳಿಯಲ್ಲಿ ಹೆಣೆದ ತೆಂಗಿನ ಮಡಲು ಸುಲಭ. ಡ್ರಾಯಿಂಗ್‌ನಲ್ಲಿ ಬರೀ ನೆರಳಿನ ಚಂದ ಬರೆದರೆ ಸಾಲದು. ಅದನ್ನು ಯಾರು ಕಟ್ಟುತ್ತಾರೆ, ಯಾವುದಕ್ಕೆ ಕಟ್ಟುತ್ತಾರೆ, ಬಿಚ್ಚಿದ ಮೇಲೆ ಎಲ್ಲಿ ಇಡುತ್ತಾರೆ, ಅದನ್ನೂ ಬರೆಯಬೇಕು.

ಹೊಳೆದಂಡೆ ಹುಡುಗಿ

ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು ಪ್ಲಾನ್ ಬರೆದೆ. ಒಂಬತ್ತು ಚೌಕ, ಒಂದೊಂದು 3 ಮೀಟರ್. ಒಟ್ಟು 9 ಮೀಟರ್ ಉದ್ದ, 9 ಮೀಟರ್ ಅಗಲ, 81 ಚದರ ಮೀಟರ್. ನಡುಚೌಕ ಆಕಾಶಕ್ಕೆ ತೆರೆದ ಅಂಗಳ. ಸುತ್ತಲಿನ ಎಂಟು ಚೌಕಗಳಲ್ಲಿ ಕಾಯುವವರು, ಮೀನು ಮಾರುವವರು, ಉಗ್ರಾಣ, ಶೌಚಾಲಯ. ಮಾಡು ಒಳಗೂ ಹೊರಗೂ ಇಳಿಯುತ್ತದೆ. ಅಂಚು ದಪ್ಪ, ನಡು ಖಾಲಿ. ವಾಕ್ಯಕ್ಕೆ ಸರಿ ಹೊಂದಿತು ಅನ್ನಿಸುತ್ತಿದೆ.

ಚಿರೆಕಲ್ಲು

ವಾಕ್ಯಕ್ಕೆ ಹೊಂದಿತು ತಂಗಿ, ಜೂನ್ ತಿಂಗಳಿಗೆ ಹೊಂದಲಿಲ್ಲ.

ಲೆಕ್ಕ ಹಾಕೋಣ. ನಿನ್ನ ಅಂಗಳ 3 ಮೀಟರ್ ಚೌಕ. ಸುತ್ತಲಿನ ಮಾಡಿನ ಅರ್ಧ ಭಾಗ ಒಳಕ್ಕೆ ಇಳಿಯುತ್ತದೆ, ಅಂದರೆ ಎಲ್ಲ ಕಡೆ ಒಂದೂವರೆ ಮೀಟರ್ ಸೇರಿಸು. ಒಟ್ಟು 6 ಮೀಟರ್ ಚೌಕದ ನೀರು, 36 ಚದರ ಮೀಟರ್, ಅಂಗಳಕ್ಕೇ ಬರುತ್ತದೆ. ಒಂದು ದಿನಕ್ಕೆ 100 ಮಿ.ಮೀ. ಮಳೆ ನಮ್ಮ ಕರಾವಳಿಗೆ ಹೊಸದೇನಲ್ಲ. ಆ ಒಂದು ದಿನ 3600 ಲೀಟರ್ ನೀರು ಕಟ್ಟಡದ ಹೊಟ್ಟೆಯೊಳಗೆ. ಅದು ಕಾಯುವವರ ಕಾಲಡಿ ದಾಟಿ ಹೊಳೆಗೆ ಹೋಗಬೇಕು. ಚರಂಡಿಯಲ್ಲಿ ಮೀನಿನ ಪೊರೆ, ಎಲೆ, ಪ್ಲಾಸ್ಟಿಕ್ ಕಟ್ಟಿಕೊಂಡರೆ ಯಾರು ತೆಗೆಯುತ್ತಾರೆ?

ಇನ್ನೊಂದು, ನಾಲ್ಕು ಮಾಡು ಒಳಮುಖವಾಗಿ ಸೇರುವ ಮೂಲೆಗಳು. ಸೋರುವುದು ಮೊದಲು ಅಲ್ಲೇ. ಮನೆಯವರು ಇರುವ ಕಡೆಯಾದರೆ ವರ್ಷ ವರ್ಷ ನೋಡಿಕೊಳ್ಳುತ್ತಾರೆ. ಸಾರ್ವಜನಿಕ ಕಟ್ಟಡದಲ್ಲಿ ಹಂಚು ಸರಿಸಲು ಯಾರೂ ಹತ್ತುವುದಿಲ್ಲ.

ಧಕ್ಕೆಮನೆ

ನನಗೆ ಆರ್ಕಿಟೆಕ್ಚರ್ ಗೊತ್ತಿಲ್ಲ. ನಮ್ಮ ಮನೆ ತದಡಿಯಲ್ಲಿ, ನನ್ನ ಅಮ್ಮ ಮೀನು ಮಾರುತ್ತಾರೆ. ಹಾಗಾಗಿ ಹೇಳಬೇಕು ಅನ್ನಿಸಿತು.

ಮೀನು ಮಾರುವವರನ್ನು ಒಳಗೆ ಕೂರಿಸಬೇಡಿ. ದೋಣಿ ಇಳಿದವರ ಕಣ್ಣಿಗೆ ಮೊದಲು ಮೀನು ಬೀಳಬೇಕು. ಇಲ್ಲದಿದ್ದರೆ ಅವರು ಮುಂದೆ ಹೋಗಿಬಿಡುತ್ತಾರೆ. ಎಷ್ಟೋ ಕಡೆ ಚಂದದ ಮಾರ್ಕೆಟ್ ಕಟ್ಟಿದ್ದಾರೆ, ಹೆಂಗಸರು ಹೊರಗೆ ರಸ್ತೆ ಬದಿಯಲ್ಲೇ ಕೂರುತ್ತಾರೆ. ಅದಕ್ಕೆ ಕಾರಣ ಇದೇ. ಎತ್ತರದ ಕಟ್ಟೆಯೂ ಬೇಡ. ಅಮ್ಮ ಕೂರುವುದು ಸಣ್ಣ ಮಣೆಯ ಮೇಲೆ, ಮುಂದೆ ಬುಟ್ಟಿ, ಪಕ್ಕದಲ್ಲಿ ಮೆಟ್ಟುಗತ್ತಿ. ಕೈಗೆ ಸಿಗುವ ಹಾಗೆ ನಲ್ಲಿ ಬೇಕು. ಬೆನ್ನಿಗೆ ಒರಗಲು ಏನಾದರೂ ಇದ್ದರೆ ದೊಡ್ಡ ಉಪಕಾರ. ನೆಲ ನುಣುಪಾದ ಟೈಲ್ಸ್ ಆದರೆ ಜಾರುತ್ತದೆ.

ಮತ್ತೆ, ನಮ್ಮ ಕೆಲಸದ ಹೊತ್ತು ಗಡಿಯಾರದ್ದಲ್ಲ. ಬಳಚು ಆಯುವುದು ಇಳಿತದಲ್ಲಿ. ಇಳಿತದ ಹೊತ್ತು ದಿನಾ ಮುಂದೆ ಮುಂದೆ ಹೋಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಆಗ ಬಂಗಡೆ, ತಾರ್ಲೆ ಕಡಿಮೆ, ಮಾರುವವರೂ ಕಡಿಮೆ. ಗಂಡಸರು ಬಲೆ ಸರಿಮಾಡುತ್ತಾರೆ. ಅದಕ್ಕೆ ಒಣಗಿದ ದೊಡ್ಡ ಜಾಗ ಬೇಕು, ಸಿಗುವುದಿಲ್ಲ. ನಿಮ್ಮ ‘ಖಾಲಿ ನಡು’ವಿಗೆ ಮಾಡು ಇದ್ದಿದ್ದರೆ ನಮ್ಮವರು ಅಲ್ಲೇ ಬಲೆ ಹರಡುತ್ತಿದ್ದರು.

ಕೋಡಿಬಾಗ

ಅಕ್ಕ ಹೇಳಿದ್ದರಲ್ಲೇ ದಾರಿ ಇದೆ. ಖಾಲಿ ಅಂದರೆ ಮಾಡೂ ಇಲ್ಲ ಅಂತ ಯಾರು ಹೇಳಿದರು? ಗೋಡೆ ಇಲ್ಲದಿದ್ದರೂ ಖಾಲಿಯೇ. ನಿನ್ನ ಗ್ರಿಡ್ ಮಾಡೆಲ್‌ನಲ್ಲಿಯೂ ನಡುಚೌಕಕ್ಕೆ ಗೋಡೆ ಇಲ್ಲ, ತೊಲೆಗಳು ಮಾತ್ರ ಮೇಲೆ ಹಾದಿವೆ. ಇಡೀ ಒಂಬತ್ತು ಚೌಕಕ್ಕೆ ಒಂದೇ ದೊಡ್ಡ ಮಾಡು ಹಾಕು. ಒಳಮೂಲೆಗಳೇ ಇರುವುದಿಲ್ಲ, 3600 ಲೀಟರೂ ಹೊರಗೇ ಬೀಳುತ್ತದೆ. ನಡುವೆ ಕತ್ತಲಾದರೆ ಅಲ್ಲಲ್ಲಿ ಗಾಜಿನ ಹಂಚು ಇಡು.

ಖಾಲಿ ಜಾಗ ನಡುವಿನಲ್ಲೇ ಸಿಕ್ಕಿಕೊಳ್ಳಬೇಕು ಅಂತಲೂ ಇಲ್ಲ. ಹೊಳೆ ಉತ್ತರಕ್ಕೆ ಇದೆ. ದೋಣಿ ಇಳಿದವರು ಉತ್ತರದಿಂದ ಒಳಗೆ ಬಂದು, ನಡುವಿನಲ್ಲಿ ತಿರುಗಿ, ಪೂರ್ವಕ್ಕೆ ರಸ್ತೆಗೆ ಹೋಗಲಿ. ಮೂರು ಚೌಕ ಖಾಲಿ, ಆರು ಚೌಕ ಅಂಚು. ದಾರಿಯ ಎರಡೂ ಬದಿಯಲ್ಲಿ ಮೀನು. ಮಳೆ ಹೊಡೆಯುವ ನೈಋತ್ಯದ ಕಡೆ ಪೂರ್ತಿ ದಪ್ಪ.

ಸೋಗೆಮನೆ

ನೈಋತ್ಯ ಭಾರ, ಈಶಾನ್ಯ ಹಗುರ. ಊರಿನ ಹಿರಿಯರು ವಾಸ್ತು ಕೇಳಿದರೆ ಅವರಿಗೂ ಸಮಾಧಾನ. ಗಾಳಿ ಮಳೆ ನೋಡಿ ಮಾಡಿದ್ದು ವಾಸ್ತುವಿಗೂ ಹೊಂದಿಕೊಂಡಿದೆ.

ಬಟರ್ ಪೇಪರ್

ಈಗ ಇದು ಕಾನ್ಸೆಪ್ಟ್ ಆಗುತ್ತಿದೆ. ಯಾಕೆ ಅಂತ ಹೇಳುತ್ತೇನೆ, ಜ್ಯೂರಿಯಲ್ಲಿ (ಕೆಲಸ ನೋಡಿ ಪ್ರಶ್ನೆ ಕೇಳುವವರ ಮುಂದೆ) ನಿನಗೆ ಬೇಕಾಗುತ್ತದೆ. ಅಂಗಳದ ಪ್ಲಾನ್‌ನಲ್ಲಿ ನೀನು ವಾಕ್ಯವನ್ನು ಹಾಗೆಯೇ ನೆಲದ ಮೇಲೆ ಇಟ್ಟಿದ್ದೆ. ಮಳೆ ಕೇಳಿದ ಪ್ರಶ್ನೆ, ಮೀನು ಮಾರುವವರು ಕೇಳಿದ ಪ್ರಶ್ನೆ ಎರಡಕ್ಕೂ ಉತ್ತರ ಕೊಡುತ್ತಾ ಅದೇ ವಾಕ್ಯ ಬದಲಾಯಿತು. ಎಲ್ಲ ಅಂಚೂ ಒಂದೇ ದಪ್ಪ ಅಲ್ಲ, ಮಳೆಯ ಕಡೆ ದಪ್ಪ, ಹೊಳೆಯ ಕಡೆ ತೆಳು. ಮೊದಲಿನ ಪ್ಲಾನ್ ಹರಿದು ಹಾಕಬೇಡ. ಅದರ ಮೇಲೇ ಬಟರ್ ಪೇಪರ್ (ಕೆಳಗಿನ ಗೆರೆ ಕಾಣುವ ತೆಳು ಕಾಗದ) ಇಟ್ಟು ಮುಂದಿನದು ಬರೆ. ಎರಡನ್ನೂ ಶೀಟ್‌ನಲ್ಲಿ ತೋರಿಸು.

ಇನ್ನು ಪ್ಲಾನ್ ಬಿಟ್ಟು, ಕಟ್ಟಡವನ್ನು ಮೇಲಿನಿಂದ ಕೆಳಗೆ ಸೀಳಿ ತೋರಿಸುವ ಸೆಕ್ಷನ್‌ಗೆ ಬಾ. ‘ದಪ್ಪ’ ಅನ್ನುವುದು ಅಲ್ಲೇ ತೀರ್ಮಾನವಾಗುವುದು. 30 ಡಿಗ್ರಿ ಇಳಿಜಾರು ಹಿಡಿ. ಒಂದು ಮೀಟರ್ ಹೊರಗೆ ಹೋದರೆ ಮಾಡು 58 ಸೆಂ.ಮೀ. ಇಳಿಯುತ್ತದೆ. ಗೋಡೆಯ ತಲೆ 2.8 ಮೀಟರ್, ಮಾಡಿನ ಅಂಚು 1.2 ಮೀಟರ್ ಮುಂದೆ ಬಂದರೆ ಅದರ ಎತ್ತರ ಸುಮಾರು 2.1 ಮೀಟರ್. ಮಳೆ 45 ಡಿಗ್ರಿ ಓರೆಯಾಗಿ ಬಂದರೆ, ಅಂಚು ಎಷ್ಟು ಮುಂದಿದೆಯೋ ಅಷ್ಟೇ ಕೆಳಗಿನವರೆಗೆ ಗೋಡೆ ಒಣಗಿರುತ್ತದೆ. 2.1ರಲ್ಲಿ 1.2 ಕಳೆ. ಕೆಳಗಿನ 90 ಸೆಂ.ಮೀ. ಒದ್ದೆ.

ಆ 90 ಸೆಂ.ಮೀ. ನಿನ್ನ ಪ್ರಾಜೆಕ್ಟ್‌ನ ಜೀವ. ಗೋಡೆ ಅಲ್ಲಿ ದಪ್ಪ ಚಿರೆಕಲ್ಲಿನದಾಗಲಿ. ಒಳಬದಿಗೆ ಅದೇ ದಪ್ಪ 45 ಸೆಂ.ಮೀ. ಎತ್ತರದ ಜಗಲಿಕಟ್ಟೆಯಾಗಲಿ, ಕಾಯುವವರು ಕೂರಲಿ. ಮೀನು ಮಾರುವವರ ಬೆನ್ನಿಗೂ ಅದೇ ಗೋಡೆ. ಪಶ್ಚಿಮದಲ್ಲಿ ಮಾಡಿನ ಅಂಚಿನಿಂದ ಮಡಲಿನ ತಟ್ಟಿ ಇಳಿದರೆ ಒದ್ದೆಯಾಗುವ ಭಾಗವೂ ಮುಚ್ಚುತ್ತದೆ. ನಿನ್ನ ಪೆನ್ಸಿಲ್ ಡ್ರಾಯಿಂಗ್ ಈಗ ಕಟ್ಟಡದ ಒಂದು ಭಾಗ. ಅದನ್ನು ಅಲಂಕಾರಕ್ಕೆ ಅಂತ ಶೀಟ್‌ನ ಮೂಲೆಯಲ್ಲಿ ಹಾಕಬೇಡ.

ಒಂದು ದಿನ ಬಿಡುವು ಮಾಡಿಕೊಂಡು ಭಟ್ಕಳಕ್ಕೆ ಹೋಗಿ ಬಾ. ಕೇತಪೈ ನಾರಾಯಣ ದೇವಸ್ಥಾನ, 16ನೇ ಶತಮಾನದ್ದು. ಮರದಲ್ಲಿ ಮಾಡುವ ಕೆಲಸವನ್ನು ಕಲ್ಲಿನಲ್ಲಿ ಮಾಡಿದ್ದಾರೆ. ಮೇಲೆ ಇಳಿಜಾರು ಕಲ್ಲಿನ ಹಾಸು, ಸುತ್ತ ಕಲ್ಲಿನ ಜಾಲಂಧ್ರ (ಜಾಲರಿ). ಗಾಳಿ ಬೆಳಕು ಒಳಗೆ, ಮಳೆ ಹೊರಗೆ. ಕ್ಯಾಮೆರಾ ಚೀಲದಲ್ಲೇ ಇರಲಿ, ಅಂಚಿನ ಒಂದು ಸೆಕ್ಷನ್ ಕೈಯಿಂದ ಬರೆದುಕೊಂಡು ಬಾ.

ಕೋಡಿಬಾಗ

ಜ್ಯೂರಿಯಲ್ಲಿ ಸಿಆರ್‌ಝೆಡ್ (ಕರಾವಳಿ ನಿಯಂತ್ರಣ ವಲಯದ ನಿಯಮ) ಕೇಳಿಯೇ ಕೇಳುತ್ತಾರೆ. 2019ರ ಅಧಿಸೂಚನೆಯಲ್ಲಿ ಸ್ಥಳೀಯ ಮೀನುಗಾರರಿಗೆ ಬೇಕಾದ ಮೀನು ಒಣಗಿಸುವ ಜಾಗ, ಹರಾಜು ಕಟ್ಟೆ, ಬಲೆ ಸರಿಮಾಡುವ ಜಾಗಗಳಿಗೆ ಅವಕಾಶ ಇದೆ. ಅದನ್ನು ಓದಿಕೊಂಡು ಹೋಗು. ‘ತಂಗುದಾಣ’ ಅಂತ ಮಾತ್ರ ಬರೆದರೆ ಬೇರೆ ಪ್ರಶ್ನೆ ಬರಬಹುದು.

ಹೊಳೆದಂಡೆ ಹುಡುಗಿ

ಎಲ್ಲರ ಮಾತನ್ನೂ ಇಟ್ಟುಕೊಂಡು 1:50 ಮಾಡೆಲ್ ಮಾಡಿದೆ. ಖಾಲಿ ಜಾಗ ಉತ್ತರದಿಂದ ಬಂದು ಪೂರ್ವಕ್ಕೆ ತಿರುಗುತ್ತದೆ. ನೀರಿನ ಟ್ಯಾಂಕ್, ಶೌಚಾಲಯ, ಬುಟ್ಟಿ ಇಡುವ ಕೋಣೆ, ಬಿಚ್ಚಿದ ತಟ್ಟಿ ಇಡುವ ಅಟ್ಟ ಎಲ್ಲ ಪಶ್ಚಿಮದ ಸಾಲಿಗೆ ಹೋದವು. ಮೀನು ಮಾರುವವರ ನೆಲ ದಾರಿಗಿಂತ ಒಂದೇ ಮೆಟ್ಟಿಲು ಮೇಲೆ. ಅದು ಒರಟು ಕಲ್ಲಿನ ನೆಲ, ಹಿಂದಿನ ಚರಂಡಿಯ ಕಡೆಗೆ ಸ್ವಲ್ಪ ಇಳಿಜಾರು. ಕೊಳೆನೀರು ಗಿರಾಕಿಯ ಕಾಲಿಗೆ ಬರುವುದಿಲ್ಲ. ಜೂನ್, ಜುಲೈ ಪ್ಲಾನ್ ಮತ್ತು ಉಳಿದ ತಿಂಗಳುಗಳ ಪ್ಲಾನ್ ಬೇರೆ ಬೇರೆ ಬರೆಯುತ್ತಿದ್ದೇನೆ, ಒಂದರಲ್ಲಿ ಬಲೆ, ಇನ್ನೊಂದರಲ್ಲಿ ಬುಟ್ಟಿ.

ಒಂದು ವಿಷಯ ಮಾತ್ರ ಬಗೆಹರಿದಿಲ್ಲ. ಮಾಡಿನ ಮಂಡೆ (ಇಳಿಜಾರುಗಳು ಮೇಲೆ ಸೇರುವ ಗೆರೆ) ಪೂರ್ವ-ಪಶ್ಚಿಮಕ್ಕೆ ಇದೆ, ಎತ್ತರ ಸುಮಾರು 5.4 ಮೀಟರ್. ಪಶ್ಚಿಮದ ತುದಿಯಲ್ಲಿ ತ್ರಿಕೋನದ ಗೋಡೆ ಎಬ್ಬಿಸಲಾ, ಇಲ್ಲಾ ಅಲ್ಲಿಯೂ ಮಾಡು ಇಳಿಸಲಾ? ತ್ರಿಕೋನ ಬಿಟ್ಟರೆ ಹೊಳೆಬಾಯಿಯ ಕಡೆಯಿಂದ ಚೆನ್ನಾಗಿ ಕಾಣುತ್ತದೆ.

ಧಕ್ಕೆಮನೆ

ಅಮ್ಮನಿಗೆ ಫೋಟೋ ತೋರಿಸಿದೆ. ನಲ್ಲಿ ಎಡಗಡೆಗೆ ಇರಲಿ ಅಂದರು, ಬಲಗೈಯಲ್ಲಿ ಮೀನು ಇರುತ್ತದೆ.

ಚಿರೆಕಲ್ಲು

ಪಶ್ಚಿಮಕ್ಕೂ ಮಾಡು ಇಳಿಸು ತಂಗಿ. ತ್ರಿಕೋನ ಬಿಟ್ಟರೆ 2.8ರಿಂದ 5.4ರವರೆಗೆ 2.6 ಮೀಟರ್ ಗೋಡೆಗೆ ಮಳೆ ನೇರ ಹೊಡೆಯುತ್ತದೆ, ಅದರ ಮುಂದೆ ಏನೂ ಇರುವುದಿಲ್ಲ. ಎರಡನೇ ಮಳೆಗಾಲಕ್ಕೇ ಪಾಚಿ. ಮಾಡು ಇಳಿಸಿದರೆ ಸೇರುವ ಮೂಲೆಗಳು ಹೊರಮುಖವಾಗಿರುತ್ತವೆ, ನೀರು ಅಲ್ಲಿಂದ ಎರಡೂ ಕಡೆಗೆ ಹರಿದು ಹೋಗುತ್ತದೆ. ಒಳಮೂಲೆಯ ಭಯ ಇಲ್ಲ, ಮಂಡೆಹಂಚು ಗಾರೆ ಹಾಕಿ ಕೂರಿಸಿದರಾಯಿತು. ಪೂರ್ವದಲ್ಲಿ ಬೇಕಾದರೆ ತ್ರಿಕೋನ ಬಿಡು, ಅಲ್ಲಿ ಹೊಡೆತ ಕಡಿಮೆ, ಬೆಳಗಿನ ಬಿಸಿಲೂ ಒಳಗೆ ಬರುತ್ತದೆ.

ಪಾಯದ (ನೆಲಗಟ್ಟಿನ) ಎತ್ತರ ನಿನ್ನ ಸೆಕ್ಷನ್‌ನಲ್ಲಿ ಕಾಣುತ್ತಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಉಬ್ಬರ ದಂಡೆಯಲ್ಲಿ ಎಲ್ಲಿಯವರೆಗೆ ಬರುತ್ತದೆ ಅಂತ ದೋಣಿಯವರನ್ನು ಕೇಳಿ ಗುರುತು ಹಾಕಿಕೋ. ಪಾಯ ಅದಕ್ಕಿಂತ ಮೇಲಿರಬೇಕು. ಆಮೇಲೆ 1:20ರಲ್ಲಿ ಪಶ್ಚಿಮದ ಅಂಚು ಬರೆದು ಇಲ್ಲಿ ಹಾಕು. ಪಕಾಸು (ಮಾಡು ಹೊರುವ ಓರೆ ಮರ) ಗೋಡೆಯ ಮೇಲೆ ಎಲ್ಲಿ ಕೂರುತ್ತದೆ, ತಟ್ಟಿ ಯಾವ ಕೊಕ್ಕೆಗೆ ನೇತಾಡುತ್ತದೆ, ಅವೆರಡೂ ಅದರಲ್ಲಿ ಇರಲಿ.